ಮಾಳಿಗೆಯ ಮೇಲಿನ ಕಛೇರಿ

ಒಬ್ಬನೇ ಸಾಕ್ಷಿ ಇಂದು ಒಂದು ಬಗೆಯಾಗಿ, ನಾಳೆ ಇನ್ನೊಂದು ಬಗೆಯಾಗಿ ನುಡಿದರೆ ನ್ಯಾಯಾಧೀಶರು ಅವನ ಮಾತನ್ನು ಬದಿಗಿಡುತ್ತಾರೆ. ಆದರೆ ಆ ಸಾಕ್ಷಿ ಮನುಷ್ಯನಾಗಿರದೆ ಚಲನಚಿತ್ರದ ಸುರುಳಿಯಾಗಿದ್ದರೆ ಏನು ಮಾಡೋಣ? 1969ರ ಜನವರಿ ತಿಂಗಳಲ್ಲಿ ಲಂಡನ್ ನಗರದಲ್ಲಿ ತೆಗೆದ ಕೆಲವು ಸುರುಳಿಗಳು ಇಂಥದೊಂದು ಸಾಕ್ಷಿಯಾಗಿವೆ. 1970ರಲ್ಲಿ ಅವು ಲೋಕದ ಮುಂದೆ ಬಂದಾಗ, ಈ ನಾಲ್ವರು ಗೆಳೆಯರಿಗೆ ಒಬ್ಬರ ಮುಖ ಒಬ್ಬರಿಗೆ ಬೇಡವಾಗಿತ್ತು ಎಂದು ನುಡಿದವು. 2021ರಲ್ಲಿ ಧೂಳು ಕೊಡವಿಕೊಂಡು ಮತ್ತೆ ಬಂದು, ಇಲ್ಲ, ಇವರು ನಗುನಗುತ್ತಲೇ ಹಾಡು ಕಟ್ಟುತ್ತಿದ್ದರು ಎಂದವು. ಸುರುಳಿಗಳು ಅವೇ, ಮುಖಗಳೂ ಅವೇ. ಕಳೆದ ರಜೆಯಲ್ಲಿ ಎರಡು ಚಿತ್ರಗಳನ್ನೂ ಒಂದರ ಬೆನ್ನಿಗೆ ಒಂದರಂತೆ ನೋಡಿದೆ. ಹಳೆಯ ಓಲೆಗರಿಗಳ ಪಾಠನಿರ್ಣಯವನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ನನ್ನ ಕಸುಬಿನ ಒಂದು ಭಾಗವಾದುದರಿಂದ, ದೂರದ ಈ ಗಿಟಾರುಗಾರರ ವ್ಯಾಜ್ಯವು ನನ್ನ ಮನೆಯ ವ್ಯಾಜ್ಯದಂತೆಯೇ ಕಂಡಿತು.

ಬೀಟಲ್ಸ್ ಎಂಬ ವಾದ್ಯವೃಂದದ ಹೆಸರನ್ನು ಕೇಳದವರು ವಿರಳ. ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ಪಟ್ಟಣದಿಂದ ಹೊರಟ ನಾಲ್ವರು ತರುಣರು ಅವರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್. ಅವರ ಕೀರ್ತಿ ಎಷ್ಟು ಬೆಳೆಯಿತೆಂದರೆ, ಕಛೇರಿಗಳಲ್ಲಿ ಸಭಿಕರ ಕೂಗಿನ ನಡುವೆ ತಮ್ಮ ವಾದ್ಯದ ದನಿ ತಮಗೇ ಕೇಳಿಸದಾಯಿತು. ಬೇಸತ್ತು, 1966ರ ಆಗಸ್ಟ್ 29ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿ, ಊರೂರು ತಿರುಗುವುದನ್ನು ನಿಲ್ಲಿಸಿದರು. 1968ರಲ್ಲಿ ಅವರು ಹೃಷೀಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಧ್ಯಾನ ಕಲಿತ ಸಂಗತಿ ನಮ್ಮವರಿಗೆಲ್ಲ ತಿಳಿದದ್ದೇ. ಮರುವರ್ಷದ ಆರಂಭದಲ್ಲಿ ಅವರಿಗೊಂದು ಹೊಸ ಉತ್ಸಾಹ ಹುಟ್ಟಿತು. ಹೊಸ ಹಾಡುಗಳನ್ನು ಕಟ್ಟಬೇಕು, ಕಟ್ಟುವ ಬಗೆಯನ್ನೇ ಚಿತ್ರೀಕರಿಸಬೇಕು, ಕೊನೆಯಲ್ಲಿ ಜನರೆದುರಿಗೆ ಒಂದು ಕಛೇರಿ ಮಾಡಬೇಕು. ಎಲ್ಲಿ ಮಾಡುವುದು? ಲಿಬಿಯಾ ದೇಶದ ಕಡಲ ತಡಿಯ ಪುರಾತನ ರೋಮನ್ ರಂಗಮಂದಿರದ ಮಾತು ಬಂತು. ಹಡಗಿನ ಮಾತೂ ಬಂತು. ಯಾವುದೂ ಕೈಗೂಡಲಿಲ್ಲ.

ಜನವರಿ 2ರಂದು ಟ್ವಿಕನ್‌ಹ್ಯಾಮಿನ ಚಿತ್ರಶಾಲೆಯ ವಿಶಾಲವೂ ಶೀತಲವೂ ಆದ ಅಂಗಣದಲ್ಲಿ ಕೆಲಸ ತೊಡಗಿತು. ನಿರ್ದೇಶಕರು ಮೈಕೆಲ್ ಲಿಂಡ್ಸೆ-ಹಾಗ್. ಬೆಳಗಿನ ಚಳಿಯಲ್ಲಿ, ಕ್ಯಾಮೆರಾಗಳ ದಿಟ್ಟಿಗೆ ಎದುರಾಗಿ ಹಾಡು ಕಟ್ಟುವುದು ಸುಲಭವೆ? 10ನೆಯ ತಾರೀಖು ಹ್ಯಾರಿಸನ್ ವೃಂದವನ್ನು ತೊರೆದು ಎದ್ದುಹೋದರು. ಸಂಧಾನಗಳು ನಡೆದ ಮೇಲೆ ಹಿಂದಿರುಗಿದರು. ಎಲ್ಲರೂ ಆ ಚಿತ್ರಶಾಲೆಯನ್ನು ಬಿಟ್ಟು, ದರ್ಜಿಗಳ ಅಂಗಡಿಗಳಿಗೆ ಪ್ರಸಿದ್ಧವಾದ ಸ್ಯಾವಿಲ್ ರೋ ಬೀದಿಯ 3ನೆಯ ನಂಬರಿನ ತಮ್ಮ ಸ್ವಂತ ಕಚೇರಿಯ ನೆಲಮಾಳಿಗೆಗೆ ಬಂದರು. 22ರಂದು ಬಿಲ್ಲಿ ಪ್ರೆಸ್ಟನ್ ಎಂಬ ಅಮೆರಿಕದ ನೀಗ್ರೋ ಸಂಗೀತಗಾರ—ಇಂದಿನ ಮರ್ಯಾದೆಯ ಮಾತಿನಲ್ಲಿ ಕಪ್ಪು ಜನಾಂಗದ ಕಲಾವಿದ—ಬಂದು ಕೀಲಿಮಣೆಯ ಮುಂದೆ ಕುಳಿತರು. ಮನೆಗೆ ನೆಂಟರು ಬಂದಾಗ ಮನೆಯವರ ಮುನಿಸು ಅಡಗುವಂತೆ, ಅವರು ಬಂದ ಮೇಲೆ ನಾಲ್ವರ ಮುಖವೂ ಅರಳಿತು.

ಕೊನೆಗೆ ಕಛೇರಿಗೆ ದೊರೆತ ಸ್ಥಳವೆಂದರೆ ಅದೇ ಕಟ್ಟಡದ ಮಾಳಿಗೆ! ಜನವರಿ 30, ಗುರುವಾರ, ಮಧ್ಯಾಹ್ನದ ಊಟದ ಹೊತ್ತು. ಮೈ ಕೊರೆಯುವ ಗಾಳಿ. ಲೆನನ್ ತಮ್ಮ ಸಂಗಾತಿ ಯೋಕೋ ಅವರ ತುಪ್ಪುಳಿನ ಕೋಟನ್ನೂ, ರಿಂಗೋ ತಮ್ಮ ಪತ್ನಿಯ ಕೆಂಪು ಮಳೆಯಂಗಿಯನ್ನೂ ತೊಟ್ಟಿದ್ದರು. ಗಾಳಿಯ ಭೋರ್ಗರೆತ ಮೈಕಿಗೆ ತಾಗದಿರಲೆಂದು ಹೆಂಗಸರ ಕಾಲುಚೀಲಗಳನ್ನು ಕೊಂಡು ತಂದು ಮೈಕುಗಳಿಗೆ ತೊಡಿಸಿದರಂತೆ! ಮಾಳಿಗೆಯ ಮೇಲೆ 5 ಕ್ಯಾಮೆರಾ, ಎದುರು ಕಟ್ಟಡದಲ್ಲಿ 1, ಬೀದಿಯಲ್ಲಿ 3, ಕಟ್ಟಡದ ಬಾಗಿಲ ಬಳಿ ಮರೆಯಾಗಿ 1. ಹೀಗೆ 10 ಕಣ್ಣುಗಳು ಕಾದಿದ್ದವು. ಹಾಡಿದ್ದು 5 ಹಾಡು. ಕೆಲವನ್ನು ಎರಡು ಮೂರು ಸಲ. ಕಾಲ 42 ನಿಮಿಷ. ಬೀದಿಯಲ್ಲಿ ಜನ ಕತ್ತೆತ್ತಿ ನಿಂತರು. ಸುತ್ತಲಿನ ಮಾಳಿಗೆಗಳಿಗೆ ಗುಮಾಸ್ತರೂ ಬೆರಳಚ್ಚು ಮಾಡುವ ಹೆಣ್ಣುಮಕ್ಕಳೂ ಹತ್ತಿದರು. ಕೆಲವರು ಕುಣಿದರು; ಕೆಲವರು ಮಧ್ಯಾಹ್ನದ ನೆಮ್ಮದಿ ಹಾಳಾಯಿತೆಂದು ಗೊಣಗಿದರು. ಅದೇ ಬೀದಿಯ ಠಾಣೆಯಿಂದ ಪೋಲೀಸರು ಬಂದರು. ಅವರೂ ಎಷ್ಟು ಸಂಕೋಚದಿಂದ! ಕಟ್ಟಕಡೆಯಲ್ಲಿ ಲೆನನ್, ವೃಂದದ ಪರವಾಗಿ ವಂದನೆ ಹೇಳಿ, ಪರೀಕ್ಷೆಯಲ್ಲಿ ತಾವು ತೇರ್ಗಡೆಯಾಗಿದ್ದೇವೆಂದು ನಂಬುವುದಾಗಿ ನಗೆಯಾಡಿದರು. ಆ ಮೇಲೆ ಆ ನಾಲ್ವರೂ ಕೂಡಿ ಜನರೆದುರು ಕಛೇರಿ ಮಾಡಲೇ ಇಲ್ಲ.

ಚಿತ್ರ ತೆರೆಗೆ ಬಂದದ್ದು 1970ರ ಮೇ ತಿಂಗಳಲ್ಲಿ, ‘ಲೆಟ್ ಇಟ್ ಬಿ’ ಎಂಬ ಹೆಸರಿನಿಂದ. ಅದಕ್ಕೆ ಒಂದು ತಿಂಗಳ ಹಿಂದೆಯೇ ವೃಂದ ಒಡೆದ ಸುದ್ದಿ ಲೋಕಕ್ಕೆಲ್ಲ ಹಬ್ಬಿತ್ತು. ಸಾವಿನ ಸುದ್ದಿ ಕೇಳಿ ಬಂದವರಿಗೆ ರೋಗಿಯ ಪ್ರತಿಯೊಂದು ಕೆಮ್ಮೂ ಅಂತ್ಯಕಾಲದ ಸೂಚನೆಯಾಗಿಯೇ ಕಾಣುವುದಲ್ಲವೆ? ಹಾಡು ನುಡಿಸುವ ಬಗೆಯನ್ನು ಕುರಿತು ಮೆಕಾರ್ಟ್ನಿಗೂ ಹ್ಯಾರಿಸನ್ನರಿಗೂ ನಡೆದ ಒಂದು ಸಣ್ಣ ಮಾತಿನ ಚಕಮಕಿ ಜನರ ಮನಸ್ಸಿನಲ್ಲಿ ಮಹಾಕಲಹವಾಗಿ ಬೇರೂರಿತು. ಸಾಲದ್ದಕ್ಕೆ, 16 ಮಿಲಿಮೀಟರಿನ ಕಿರಿಯ ಫಿಲ್ಮನ್ನು ಚಿತ್ರಮಂದಿರಕ್ಕಾಗಿ 35ಕ್ಕೆ ಹಿಗ್ಗಿಸಿದ್ದರಿಂದ ಚಿತ್ರವೆಲ್ಲ ಮಬ್ಬು, ಕಾಳುಕಾಳು. ಮುಖದ ಮೇಲಿನ ಕಿರುನಗೆಯೂ ಆ ಮಬ್ಬಿನಲ್ಲಿ ಮುಳುಗಿತು. 1980ರ ದಶಕದ ತರುವಾಯ ಚಿತ್ರ ಅಧಿಕೃತವಾಗಿ ಎಲ್ಲಿಯೂ ದೊರೆಯದಾಯಿತು. ನೋಡಲಾಗದ ಚಿತ್ರದ ವಿಷಯದಲ್ಲಿ ನಂಬಿಕೆ ಮಾತ್ರ ಬೆಳೆಯುತ್ತ ಹೋಯಿತು. ಆ ಕತ್ತಲೆಯ ಕಥೆಯನ್ನು ತಾವೂ ನಂಬಿಬಿಟ್ಟಿದ್ದುದಾಗಿ ಮೆಕಾರ್ಟ್ನಿ ಅವರೇ ಮುಂದೆ ಒಪ್ಪಿಕೊಂಡರು. ತಾನು ಕಂಡುಂಡ ದಿನಗಳನ್ನು ತಾನೇ ಪರರ ಚಿತ್ರದ ಮೂಲಕ ನೆನೆಯುವಂತಾದರೆ, ಅದಕ್ಕಿಂತ ದೊಡ್ಡ ನಷ್ಟ ಯಾವುದು?

ಈ ನಷ್ಟವನ್ನು ತುಂಬಲು ಕೈ ಹಾಕಿದವರು ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜಾಕ್ಸನ್. ಮೊದಲನೆಯ ಮಹಾಯುದ್ಧದ ಹಳೆಯ ಚಿತ್ರಗಳಿಗೆ ಬಣ್ಣವನ್ನೂ ಸಹಜವಾದ ನಡಿಗೆಯನ್ನೂ ಕೊಟ್ಟು 2018ರಲ್ಲಿ ಹೆಸರಾದವರು. ಸುಮಾರು 60 ಗಂಟೆಗಳ ಚಿತ್ರ, ಸುಮಾರು 150 ಗಂಟೆಗಳ ಧ್ವನಿ ಅವರ ಕೈಗೆ ಬಂತು. ನಾಲ್ಕು ವರ್ಷ ದುಡಿದು, 2021ರ ನವೆಂಬರಿನಲ್ಲಿ ‘ಗೆಟ್ ಬ್ಯಾಕ್’ ಎಂಬ ಹೆಸರಿನಿಂದ ಮೂರು ಭಾಗಗಳಲ್ಲಿ, ಹೆಚ್ಚುಕಡಿಮೆ 8 ಗಂಟೆಗಳ ಚಿತ್ರವನ್ನು ಕೊಟ್ಟರು. ಬಣ್ಣಗಳು ನಿನ್ನೆ ಹಚ್ಚಿದಂತೆ ಹೊಳೆದವು. ಮಾಳಿಗೆಯ ಕಛೇರಿಯಂತೂ ಪೂರ್ತಿಯಾಗಿ, ಒಂದೇ ತೆರೆಯ ಮೇಲೆ ಹಲವು ಕ್ಯಾಮೆರಾಗಳ ನೋಟವನ್ನು ಅಕ್ಕಪಕ್ಕ ಇರಿಸಿ, ಕಣ್ಣ ಮುಂದೆ ನಡೆದಂತೆ ನಡೆಯಿತು.

ಆದರೆ ನಿಜವಾದ ಅದ್ಭುತ ಕಣ್ಣಿನದಲ್ಲ, ಕಿವಿಯದು. ಅಂದಿನ ಧ್ವನಿಯನ್ನು ಒಂದೇ ಜಾಡಿನ ಟೇಪಿನಲ್ಲಿ ಹಿಡಿದಿದ್ದರು. ಮಾತು, ಗಿಟಾರು, ಡ್ರಮ್ಮು, ಕೆಮ್ಮು ಎಲ್ಲವೂ ಕಲಸಿದ ಅನ್ನದಂತೆ ಒಂದಾಗಿತ್ತು. ಸಾರನ್ನೂ ಪಲ್ಯವನ್ನೂ ಮತ್ತೆ ಬೇರೆ ಮಾಡುವುದುಂಟೆ? ಉಂಟು ಎಂದಿತು ಇಂದಿನ ಗಣಕಯಂತ್ರ. ಗಿಟಾರಿನ ದನಿ ಹೇಗಿರುತ್ತದೆ, ಮನುಷ್ಯಕಂಠ ಹೇಗಿರುತ್ತದೆ ಎಂಬುದನ್ನು ಅಸಂಖ್ಯ ಉದಾಹರಣೆಗಳಿಂದ ಯಂತ್ರಕ್ಕೆ ಕಲಿಸುತ್ತಾರೆ. ಬಳಿಕ ಅದು ಬೆರೆತ ದನಿಯಲ್ಲಿ ಯಾವ ಅಂಶ ಯಾವುದರದೆಂದು ಎಣಿಸಿ ಬೇರ್ಪಡಿಸುತ್ತದೆ. ನೀರನ್ನು ಬಿಟ್ಟು ಹಾಲನ್ನು ಹೀರುವ ಹಂಸವನ್ನು ನಮ್ಮ ಕವಿಗಳು ಕಲ್ಪಿಸಿದ್ದರು. ಈಗ ಅದು ಕಾರ್ಖಾನೆಯಲ್ಲಿ ಹುಟ್ಟಿದೆ! ಲೆನನ್ ತಮ್ಮ ಮನೆಯಲ್ಲಿ ಪಿಯಾನೋ ನುಡಿಸುತ್ತ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ಒಂದು ಹಾಡನ್ನು ಉಳಿದ ಮೂವರು 1995ರಲ್ಲಿ ಪೂರ್ಣಗೊಳಿಸಲು ಹೋಗಿ ಸೋತಿದ್ದರು. ಈ ವಿದ್ಯೆಯಿಂದಲೇ ಕಂಠವು ಪಿಯಾನೋದಿಂದ ಬಿಡಿಸಿಕೊಂಡು, 2023ರಲ್ಲಿ ಆ ಹಾಡು ಹೊರಬಂತು. ಆ ವೇಳೆಗೆ ಲೆನನ್ ತೀರಿಕೊಂಡು ಸುಮಾರು 43 ವರ್ಷಗಳೂ ಹ್ಯಾರಿಸನ್ ತೀರಿಕೊಂಡು ಸುಮಾರು 22 ವರ್ಷಗಳೂ ಆಗಿದ್ದವು.

ಇಲ್ಲಿಯೇ ನನ್ನ ಮನಸ್ಸಿಗೆ ಒಂದು ಮುಳ್ಳು ಚುಚ್ಚಿತು. ಲೆನನ್ನರೂ ಹ್ಯಾರಿಸನ್ನರೂ ಗುಟ್ಟಿನ ಮಾತು ಬಂದಾಗ ಬೇಕೆಂದೇ ಗಿಟಾರನ್ನು ಜೋರಾಗಿ ಮೀಟುತ್ತಿದ್ದರೆಂದು ಜಾಕ್ಸನ್ ಹೇಳುತ್ತಾರೆ. ಮೈಕಿಗೆ ಮಾತು ಕೇಳಿಸದಿರಲಿ ಎಂಬುದೇ ಆ ಉಪಾಯ. ಯಂತ್ರವು ಆ ಗಿಟಾರನ್ನು ಒರೆಸಿಹಾಕಿ ಮಾತನ್ನು ಹೊರತೆಗೆಯಿತು. ಹೂಕುಂಡದಲ್ಲಿ ಬಚ್ಚಿಟ್ಟಿದ್ದ ಮೈಕು ಹಿಡಿದ ಸಂಭಾಷಣೆಯೂ ಚಿತ್ರದಲ್ಲಿದೆ. ಹ್ಯಾರಿಸನ್ ಎದ್ದುಹೋದ ಮೇಲೆ ಲೆನನ್ ಮತ್ತು ಮೆಕಾರ್ಟ್ನಿ ತಮ್ಮ ತಪ್ಪೇನೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಆ ಮಾತು ಎಂಥವರ ಮನಸ್ಸನ್ನೂ ಕಲಕುತ್ತದೆ. ಅದನ್ನು ಕೇಳಿ ಕಣ್ಣು ತೇವಗೊಳಿಸಿಕೊಂಡವನು ನಾನು. ಕೇಳಬಾರದಿತ್ತು ಎಂದು ನಾಚಿದವನೂ ನಾನೇ. ಸತ್ತವರ ಪರದೆಯನ್ನು ಸರಿಸುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು?

ಇನ್ನೊಂದು ಶಂಕೆಯೂ ಉಂಟು. ಓಲೆಗರಿಯ ಅಕ್ಷರವನ್ನು ಹುಳು ತಿಂದಿದ್ದರೆ, ಅಲ್ಲಿ ಏನಿದ್ದಿರಬಹುದೆಂದು ಸಂಪಾದಕನು ಊಹಿಸುತ್ತಾನೆ. ಆದರೆ ಊಹೆಯನ್ನು ಕಂಸದೊಳಗೆ ಇಡುತ್ತಾನೆ. ಅಡಿಟಿಪ್ಪಣಿಯಲ್ಲಿ ಪಾಠಾಂತರಗಳನ್ನು ಕೊಡುತ್ತಾನೆ. ಹುಳು ತಿಂದದ್ದೆಲ್ಲಿ, ತಾನು ತುಂಬಿದ್ದೆಲ್ಲಿ ಎಂಬುದು ಓದುಗನಿಗೆ ತಿಳಿಯಬೇಕೆಂಬುದೇ ಆ ಶಾಸ್ತ್ರದ ಧರ್ಮ. ಜೀರ್ಣೋದ್ಧಾರಗೊಂಡ ಚಿತ್ರಕ್ಕೆ ಕಂಸವೆಲ್ಲಿದೆ? ಫಿಲ್ಮಿನ ಕಾಳನ್ನು ತೊಡೆಯುವ ಭರದಲ್ಲಿ ಅಲ್ಲಲ್ಲಿ ಮುಖಗಳು ಮೇಣದ ಬೊಂಬೆಗಳಂತೆ ನುಣ್ಣಗಾಗಿವೆ. ಚಿತ್ರಕ್ಕಿಂತ ಧ್ವನಿ ಎರಡು ಪಟ್ಟಿಗಿಂತ ಹೆಚ್ಚಾಗಿದ್ದುದರಿಂದ, ಚಿತ್ರವಿಲ್ಲದ ಮಾತಿಗೆ ಬೇರೊಂದು ಗಳಿಗೆಯ ಚಿತ್ರವನ್ನು ಜೋಡಿಸಿದ ಕಡೆಗಳೂ ಉಂಟು. ನೋಡುವವನಿಗೆ ಅದು ತಿಳಿಯದು. ಇದು ಮೋಸವೆಂದು ನಾನು ಹೇಳಲಾರೆ. ಆದರೆ ಕಂಸವಿಲ್ಲದ ಊಹಾಪಾಠವೆಂದು ಹೇಳದಿರಲಾರೆ.

ಹಾಗಾದರೆ ಯಾವ ಸಾಕ್ಷಿ ನಿಜ? ಮತ್ತೆ ನೋಡಿದಾಗ ಒಂದು ವಿಚಿತ್ರ ಕಂಡಿತು. ಜಗಳದ ಚಿತ್ರವೆಂದು 50 ವರ್ಷ ಹೆಸರಾಗಿದ್ದ ಹಳೆಯ ಚಿತ್ರದಲ್ಲಿ ಹ್ಯಾರಿಸನ್ ತೊರೆದುಹೋದ ಪ್ರಸಂಗವೇ ಇಲ್ಲ! ನಗುವಿನ ಚಿತ್ರವೆಂದು ಲೋಕ ಕೊಂಡಾಡಿದ ಹೊಸ ಚಿತ್ರದಲ್ಲಿ ಅದು ಸವಿವರವಾಗಿದೆ. ಎಂದ ಮೇಲೆ ಹೊಸ ಚಿತ್ರದ ಸಂತೋಷ ದುಃಖವನ್ನು ಕತ್ತರಿಸಿ ಎಸೆದು ಬಂದ ಸಂತೋಷವಲ್ಲ. ಮುನಿಸಾಗಿ ಎದ್ದುಹೋದವನು ಮರಳಿ ಬಂದು, ಅದೇ ಹಾಡಿಗೆ ಮತ್ತೆ ಶ್ರುತಿ ಸೇರಿಸುವುದನ್ನು ತೋರಿಸಲು ಗಂಟೆಗಳು ಬೇಕು. 80 ನಿಮಿಷಗಳಲ್ಲಿ ಮುಖಭಾವ ಕಾಣಿಸೀತು. ಸ್ನೇಹ ಕಾಣಿಸುವುದು ಕಷ್ಟ. ಸ್ನೇಹವೆಂಬುದು ಕಾಲವನ್ನು ಬೇಡುವ ವಸ್ತು. ಹಳೆಯ ಚಿತ್ರ ಸುಳ್ಳು ಹೇಳಲಿಲ್ಲ, ಅವಸರದಲ್ಲಿ ಹೇಳಿತು. ನಾವು ಅದನ್ನು ಅವಸರದಲ್ಲಿ ಕೇಳಿದೆವು.

2024ರ ಮೇ ತಿಂಗಳಲ್ಲಿ ಆ ಹಳೆಯ ‘ಲೆಟ್ ಇಟ್ ಬಿ’ಯನ್ನೂ ಶುಚಿಗೊಳಿಸಿ, ಅದರ ಮೊದಲಿನ ಕತ್ತರಿಯಲ್ಲಿಯೇ ಮತ್ತೆ ಬಿಡುಗಡೆ ಮಾಡಿದರು. ಈ ಎಲ್ಲ ಕೆಲಸಗಳಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇದು. ಎರಡು ಪಾಠಗಳನ್ನೂ ಓದುಗನ ಮುಂದಿಟ್ಟು ತೀರ್ಮಾನವನ್ನು ಅವನಿಗೆ ಬಿಡುವುದು ಉತ್ತಮ ಸಂಪಾದಕನ ಲಕ್ಷಣ. ಇದೆಲ್ಲ ಸಾಧ್ಯವಾದದ್ದು ಬೇಡವೆಂದು ಕತ್ತರಿಸಿದ ತುಣುಕುಗಳನ್ನೂ ಯಾರೋ ಡಬ್ಬಗಳಲ್ಲಿಟ್ಟು ಕಾಪಾಡಿದ್ದರಿಂದ. ನಮ್ಮ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಜೀರ್ಣೋದ್ಧಾರ ಹೆಚ್ಚಾಯಿತೋ ಕಡಮೆಯಾಯಿತೋ ಎಂದು ಜಗಳವಾಡುವ ಭಾಗ್ಯವೂ ಆ ಚಿತ್ರದ ವಿಷಯದಲ್ಲಿ ನಮಗಿಲ್ಲ.

ಕಡೆಯದಾಗಿ ಮತ್ತೆ ಆ ಮಾಳಿಗೆಗೆ ಹೋಗೋಣ. ಅವರಲ್ಲಿ ಹಿರಿಯರಾದ ರಿಂಗೋ ಅವರಿಗೇ ಅಂದು 28 ವರ್ಷ. ಬೆರಳು ಸೆಟೆದು ತಂತಿ ಮೀಟಲಾಗುತ್ತಿಲ್ಲವೆಂದು ಲೆನನ್ ಹೇಳುತ್ತಾರೆ. ಹಾಡಿನ ನಡುವೆ ಲೆನನ್ ಸಾಹಿತ್ಯ ಮರೆತು ಏನೋ ಹೇಳಿ ತೇಲಿಸುತ್ತಾರೆ. ಮೆಕಾರ್ಟ್ನಿ ಅವರತ್ತ ತಿರುಗಿ ನಗುತ್ತಾರೆ. ಕಛೇರಿ ಮುಗಿದ ಮೇಲೆ ಎಲ್ಲರೂ ಕೆಳಗಿಳಿದು, ಮುದ್ರಣವಾದ ಹಾಡನ್ನು ಮಕ್ಕಳಂತೆ ಕಿವಿಗೊಟ್ಟು ಕೇಳುತ್ತ ಕೂರುತ್ತಾರೆ. ನಾಳೆ ಉಳಿದ ಹಾಡುಗಳನ್ನು ಮುಗಿಸಬೇಕೆಂಬ ಮಾತು ನಡೆಯುತ್ತದೆ. ಅದು ತಮ್ಮ ಕೊನೆಯ ಕಛೇರಿಯೆಂಬ ಛಾಯೆ ಯಾರ ಮುಖದಲ್ಲಿಯೂ ಇಲ್ಲ. ಫಿಲ್ಮನ್ನು ಎಷ್ಟು ತೊಳೆದರೂ ಆ ‘ಕೊನೆ’ ಎಂಬುದು ಅದರಲ್ಲಿ ಸಿಕ್ಕುವುದಿಲ್ಲ. ಅದನ್ನು ಅಲ್ಲಿಗೆ ಕೊಂಡೊಯ್ದವರು ನಾವು. ಅವರ ಪಾಲಿಗೆ ಅದು ಚಳಿಯ ಒಂದು ಗುರುವಾರ. ಗೆಳೆಯರ ಜೊತೆ ಹಾಡಿದ ಒಂದು ಮಧ್ಯಾಹ್ನ.