ಬಿಟ್ಟಿ ವಿಂಡೋಸು, ಬಂದಿಯಾದ ಬರಹ

ಲಷ್ಕರ್ ಮೊಹಲ್ಲಾದ ನನ್ನ ಬಾಡಿಗೆ ಕೋಣೆಯ ಕಿಟಕಿ ತೆರೆದರೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ ಕಾಣುತ್ತದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ನನ್ನ ಲ್ಯಾಪ್‌ಟಾಪ್. 2019ರಲ್ಲಿ ಎಂ.ಎ. ಓದುತ್ತಿದ್ದಾಗ 14,000 ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಬ್ಯಾಟರಿ ಸತ್ತಿದೆ, ಸದಾ ಪ್ಲಗ್‌ನಲ್ಲೇ ಇರಬೇಕು. ಅದು ಬಿಟ್ಟರೆ ಏನೂ ತೊಂದರೆಯಿಲ್ಲ. ನನ್ನ ಪಿಎಚ್‌.ಡಿ. ಪ್ರಬಂಧದ ನಾಲ್ಕು ಅಧ್ಯಾಯಗಳು ಅದರ ಹೊಟ್ಟೆಯೊಳಗಿವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಅಂದಿನಿಂದ ನಮ್ಮ ಸಂಶೋಧನಾ ವಿದ್ಯಾರ್ಥಿಗಳ ನಡುವೆ ಫೆಲೋಶಿಪ್ ಬಂತಾ ಎಂಬ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಹನ್ನೊಂದು ಹಾಕ್ಕೊಂಡ್ಯಾ? ಫ್ರೀ ಅಂತೆ." ಹಾಕಿಕೊಳ್ಳಬೇಕೇ ಬೇಡವೇ ಎಂದು ಕ್ಯಾಂಟೀನಿನಲ್ಲಿ ಎರಡು ಪಂಗಡಗಳೇ ಆಗಿವೆ. ಎರಡೂ ಪಂಗಡಗಳು ತಪ್ಪು ಜಾಗದಲ್ಲಿ ಜಗಳವಾಡುತ್ತಿವೆ ಎಂದು ಹೇಳುವುದಕ್ಕೆ ಈ ಬರಹ.

ಮೊದಲು ಈ 'ಉಚಿತ' ಎಂಬ ಮಾತನ್ನೇ ನೋಡೋಣ. ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ವಿಂಡೋಸ್ 10 ಇದ್ದವರಿಗೆ ಅದು ಉಚಿತ, ಆದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಅಂದರೆ ಸುಮಾರು 2017ಕ್ಕಿಂತ ಹಳೆಯ ಯಂತ್ರಗಳಿಗೆ ಬಾಗಿಲು ಮುಚ್ಚಿದೆ. ನನ್ನದು ಆರನೇ ತಲೆಮಾರು. ಊಟ ಉಚಿತ, ಆದರೆ ಬೆಳ್ಳಿ ತಟ್ಟೆ ಮನೆಯಿಂದಲೇ ತರಬೇಕು ಎಂದ ಹಾಗಾಯಿತು. ಅಂಗಡಿಯಲ್ಲಿ ತೋರಿಸಿದೆ. "ಸರ್, ಇದಕ್ಕೆ ಬರಲ್ಲ. ಹೊಸದು ತಗೊಳ್ಳಿ, ನಲವತ್ತೈದರಲ್ಲಿ ಒಳ್ಳೇದು ಸಿಗುತ್ತೆ" ಎಂದರು. ಪಕ್ಕದ ಅಂಗಡಿಯವರು, ಅದಕ್ಕೆಲ್ಲ ದಾರಿ ಇದೆ, ಐನೂರು ಕೊಟ್ಟರೆ ಪರೀಕ್ಷೆ ತಪ್ಪಿಸಿ ಹಾಕಿಕೊಡುತ್ತೇನೆ ಎಂದರು. ಹಾಗೆ ಹಿಂಬಾಗಿಲಿನಿಂದ ಹಾಕಿಸಿಕೊಂಡ ಯಂತ್ರಕ್ಕೆ ಮುಂದಿನ ಅಪ್‌ಡೇಟ್‌ಗಳು ಬರುವ ಭರವಸೆಯನ್ನು ಕಂಪನಿ ಕೊಡುವುದಿಲ್ಲ. ಪ್ರಬಂಧ ಸಲ್ಲಿಸುವ ವರ್ಷದಲ್ಲಿ ಅಂಥ ಜೂಜು ನನಗೆ ಬೇಡವಾಗಿತ್ತು.

ಹಳೆಯದರಲ್ಲೇ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್‌ವರೆಗೆ, ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನೂ ಇಟ್ಟಿದ್ದಾರೆ. ಮೂವತ್ತು ಡಾಲರ್ ಕೊಡಬೇಕು, ಇಲ್ಲವೇ ನಿಮ್ಮ ಯಂತ್ರದ ಸೆಟ್ಟಿಂಗ್‌ಗಳನ್ನು ಕಂಪನಿಯ ಖಾತೆಗೆ ಜೋಡಿಸಬೇಕು. ಯುರೋಪಿನಲ್ಲಿ ಗ್ರಾಹಕ ಸಂಘಟನೆ ದನಿಯೆತ್ತಿದ ಮೇಲೆ ಅಲ್ಲಿಯವರಿಗೆ ಈ ಷರತ್ತು ಸಡಿಲವಾಯಿತು. ಕೇಳಿದವರಿಗೆ ಸಿಕ್ಕಿತು, ನಾವು ಕೇಳಲಿಲ್ಲ.

ಹಾಗೆಂದು ಈ ಷರತ್ತುಗಳ ಹಿಂದೆ ಇರುವುದು ಬರೀ ವ್ಯಾಪಾರ ಎಂದರೂ ತಪ್ಪಾಗುತ್ತದೆ. ಪಾಸ್‌ವರ್ಡಿನ, ಗೂಢಲಿಪಿಯ ಕೀಲಿಗಳನ್ನು ಪ್ರತ್ಯೇಕ ಚಿಪ್ಪಿನಲ್ಲಿ ಇಡುವುದು ನಿಜಕ್ಕೂ ಹೆಚ್ಚು ಭದ್ರ. ಅಪ್‌ಡೇಟ್ ಇಲ್ಲದ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಿಕೊಂಡು ಕೂರುವುದು ಶೌರ್ಯವೂ ಅಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನ ಆಸ್ಪತ್ರೆ, ಕಚೇರಿಗಳನ್ನು ನಿಲ್ಲಿಸಿತಲ್ಲ, ಅದರ ಪರಿಹಾರ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವವರು "ನನಗೆ ಹಳೆಯದೇ ಸಾಕು" ಎನ್ನುವುದು ಬೀಗವಿಲ್ಲದ ಮನೆಯಲ್ಲಿ ಒಡವೆ ಇಟ್ಟ ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ಕನ್ನಡ ಓದಿದ ನಮ್ಮವರಲ್ಲಿ ಬಹಳ ಜನ ಹಾಕಿಕೊಳ್ಳಲು ಹೆದರುತ್ತಾರೆ. ಯಂತ್ರ ಅರ್ಹವಾಗಿದ್ದರೂ ಹೆದರುತ್ತಾರೆ. ಯಾಕೆಂದು ಕೇಳಿದರೆ ಟಿಪಿಎಂ ಬಗ್ಗೆ ಯಾರೂ ಮಾತಾಡುವುದಿಲ್ಲ. ಎಲ್ಲರದ್ದೂ ಒಂದೇ ಉತ್ತರ: "ನುಡಿ ಹೋಗಿಬಿಟ್ರೆ?"

ನಾನು ಜಗಳ ತೆಗೆಯಬೇಕಾಗಿರುವುದು ಇಲ್ಲಿ.

ಮೂರು ವರ್ಷದ ಹಿಂದೆ ನನ್ನ ಮೊದಲ ಅಧ್ಯಾಯವನ್ನು ಒಂದು ಡಿಟಿಪಿ ಸೆಂಟರಿನಲ್ಲಿ ಟೈಪ್ ಮಾಡಿಸಿ, ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಮಾರ್ಗದರ್ಶಕರ ಬಳಿ ಹೋದೆ. ಅವರು ಕಡತ ತೆರೆದರು, ಕನ್ನಡಕ ಸರಿಮಾಡಿಕೊಂಡರು. "ಏನಪ್ಪಾ ಇದು, ಫ್ರೆಂಚಿನಲ್ಲಿ ಬರೆದಿದ್ದೀಯಾ?" ಎಂದರು. 'ಕನ್ನಡ' ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀಟು ಹೊತ್ತ 'ಎ', ಇಂಗ್ಲೆಂಡಿನ ಪೌಂಡ್ ಚಿಹ್ನೆ, ಜರ್ಮನರ ಒಂದು ಅಕ್ಷರ, ಕೊನೆಗೊಂದು 'ಕ್ಯೂ' ಸಾಲಾಗಿ ನಿಂತಿದ್ದವು. ಅವರ ಯಂತ್ರದಲ್ಲಿ ನುಡಿಯ ಫಾಂಟ್ ಇರಲಿಲ್ಲ, ಅಷ್ಟೇ. ಹಾಗಾದರೆ ನಾನು ಟೈಪ್ ಮಾಡಿಸಿದ್ದು ಕನ್ನಡವಾಗಿರಲೇ ಇಲ್ಲ. ಇಂಗ್ಲಿಷಿನ ಚಿಹ್ನೆಗಳ ಮೇಲೆ ಕನ್ನಡದ ಮುಖವಾಡ ಹಾಕಿ ಕೂರಿಸಿದ್ದೆ. ಮುಖವಾಡ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಇದರಲ್ಲಿ ನುಡಿಯ ತಪ್ಪಿಲ್ಲ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ನುಡಿ ರೂಪಿಸಿದ ಕಾಲದಲ್ಲಿ, ಶೇಷಾದ್ರಿವಾಸು ಬರಹವನ್ನು ಕೊಟ್ಟ ಕಾಲದಲ್ಲಿ, ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಇದ್ದ ಸುಲಭದ ದಾರಿಯೇ ಅದು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಇಲ್ಲದಿದ್ದರೆ ನಮ್ಮಲ್ಲಿ ಅರ್ಧ ಜನ ಇಂದಿಗೂ ಕನ್ನಡ ಟೈಪ್ ಮಾಡುತ್ತಿರಲಿಲ್ಲ. ಆ ಋಣ ದೊಡ್ಡದು. ಆದರೆ ಅದೇ ಹೊತ್ತಿಗೆ ಇನ್ನೊಂದು ಬಾಗಿಲೂ ತೆರೆದಿತ್ತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಜಾಗವಿತ್ತು. 'ಕ' ಎಂದರೆ ಜಗತ್ತಿನ ಯಾವ ಯಂತ್ರದಲ್ಲೂ 'ಕ', ಫಾಂಟ್ ಯಾವುದಾದರೂ ಸರಿ. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಫಾಂಟನ್ನು ಹೊತ್ತುಕೊಂಡೇ ಬಂತು. ಆಮೇಲೆ ನುಡಿ, ಬರಹಗಳೂ ಯೂನಿಕೋಡನ್ನು ಕೊಟ್ಟವು. ನಿಜವಾದ ಉಚಿತ ನವೀಕರಣ ಅದು. ಹೊಸ ಚಿಪ್ ಕೇಳಲಿಲ್ಲ, ಡಾಲರ್ ಕೇಳಲಿಲ್ಲ, ಖಾತೆ ತೆರೆಯಿರಿ ಎನ್ನಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಣ್ಣೆದುರಿಗೇ ಇದ್ದ ಅದನ್ನು ಬಿಟ್ಟು, ಈಗ ವಿಂಡೋಸ್ 11 ಹಾಕಬೇಕೋ ಬೇಡವೋ ಎಂದು ನಾವು ತಲೆ ಕೆಡಿಸಿಕೊಂಡಿದ್ದೇವೆ.

ಯಾಕೆ ಬಿಟ್ಟೆವು? ನನ್ನ ಪ್ರಬಂಧ ಟೈಪ್ ಮಾಡುವ ಡಿಟಿಪಿಯ ಅಕ್ಕನನ್ನು ಕೇಳಿದೆ. "ಯೂನಿಕೋಡ್ ಪೇಜ್‌ಮೇಕರ್‌ಗೆ ಹೋಗಲ್ಲ ಸರ್, ಪ್ರೆಸ್‌ನವರು ತಗೊಳ್ಳಲ್ಲ" ಎಂದರು. ಅದು ನಿಜ. ಪೇಜ್‌ಮೇಕರಿನ ಕೊನೆಯ ಆವೃತ್ತಿ, ಏಳನೆಯದು, ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ತಯಾರಿಸಿದವರೇ ಎಂದೋ ಕೈಬಿಟ್ಟ ಆ ತಂತ್ರಾಂಶಕ್ಕೆ ಒಗ್ಗಬೇಕೆಂದು ಕನ್ನಡ ತನ್ನ ಅಕ್ಷರಗಳನ್ನು ಬಚ್ಚಿಟ್ಟುಕೊಂಡಿದೆ. ಅಕ್ಕನನ್ನು ನಾನು ದೂರುವುದಿಲ್ಲ. ಪುಟಕ್ಕೆ ಇಷ್ಟು ಎಂದು ದುಡಿಯುವ ಅವರು ಹೊಸ ತಂತ್ರಾಂಶ ಕಲಿಯುವ ತಿಂಗಳು ಅವರ ಮನೆ ಬಾಡಿಗೆ ಯಾರು ಕಟ್ಟುತ್ತಾರೆ? ದೂರಬೇಕಾದ್ದು ಸಂಬಳ, ಫೆಲೋಶಿಪ್ ಪಡೆಯುವ ನಮ್ಮನ್ನು. ನಾವು ಅವರಿಂದ ಬೇರೆ ಏನನ್ನೂ ಕೇಳಲೇ ಇಲ್ಲ. ಯುಜಿಸಿಯ ನಿಯಮದಂತೆ ಪ್ರಬಂಧಗಳು ಈಗ ಶೋಧಗಂಗಾ ಭಂಡಾರಕ್ಕೆ ಸೇರುತ್ತವೆ. ಹಳೆಯ ಫಾಂಟಿನಲ್ಲಿ ಮಾಡಿದ ಕನ್ನಡ ಪ್ರಬಂಧದ ಪಿಡಿಎಫ್ ತೆರೆದು, ಒಳಗೆ ಒಂದು ಕನ್ನಡ ಪದ ಹುಡುಕಿ ನೋಡಿ. ಸಿಗುವುದಿಲ್ಲ. ಕಣ್ಣಿಗೆ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ಐದು ವರ್ಷ ಮಣ್ಣು ಹೊತ್ತು ಕಟ್ಟಿದ ಕೆರೆಗೆ ತೂಬು ಇಡದೆ ಬಂದಿದ್ದೇವೆ.

ನಮ್ಮ ಊರಿನದೇ ಒಂದು ಹಳೆಯ ಕತೆ ನೆನೆಯಬೇಕು. 1905ರಲ್ಲಿ ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಕಣ್ಣಿಗೆ ಬಿತ್ತು. ಅದು ಗ್ರಂಥ ಲಿಪಿಯಲ್ಲಿತ್ತು. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದರು, ಜಗತ್ತು ಓದಿತು. ಗರಿಯಿಂದ ಗರಿಗೆ, ಲಿಪಿಯಿಂದ ಲಿಪಿಗೆ, ಗರಿಯಿಂದ ಅಚ್ಚಿಗೆ ಯಾರೋ ಪ್ರತಿ ಮಾಡುತ್ತಾ ಬಂದಿದ್ದರಿಂದಲೇ ನಮ್ಮ ಕೈಗೆ ಏನಾದರೂ ಉಳಿದಿದೆ. ಹಸ್ತಪ್ರತಿ ಶಾಸ್ತ್ರದ ಪತ್ರಿಕೆಯಲ್ಲಿ ಲಿಪಿಕಾರರ ಶ್ರಮದ ಬಗ್ಗೆ ಹತ್ತು ಅಂಕಕ್ಕೆ ಬರೆದು ಪಾಸಾದ ನಾವು, ನಮ್ಮದೇ ಬರಹವನ್ನು ಇನ್ನೊಂದು ಗರಿಗೆ ದಾಟಿಸುವ ಕೆಲಸಕ್ಕೆ ಸೋಮಾರಿಗಳು.

ದಾಟಿಸದಿದ್ದರೆ ಏನಾಗುತ್ತದೆ ಎಂದು ಕಣ್ಣಾರೆ ಕಂಡಿದ್ದೇನೆ. ನಮ್ಮ ಮೊಹಲ್ಲಾದಲ್ಲೇ ಇರುವ ನಿವೃತ್ತ ಅಧ್ಯಾಪಕರೊಬ್ಬರು ತಾವು ಸಂಗ್ರಹಿಸಿದ ಸೋಬಾನೆ ಪದಗಳ ಸಿ.ಡಿ.ಯನ್ನು ನನಗೆ ಕೊಟ್ಟರು. ಹಾಡಿದ ಅಜ್ಜಿಯರಲ್ಲಿ ಈಗ ಒಬ್ಬರೂ ಇಲ್ಲ. ಕೈಬರಹದ ನೋಟ್‌ಬುಕ್ಕುಗಳು ಮನೆ ಬದಲಿಸುವಾಗ ಹೋದವು. ಟೈಪ್ ಮಾಡಿಸಿದ್ದು ಈಗ ಯಾರ ಬಳಿಯೂ ಇಲ್ಲದ ಯಾವುದೋ ಫಾಂಟಿನಲ್ಲಿ. ತೆರೆದರೆ ಅದೇ ಫ್ರೆಂಚು. ಮೇಷ್ಟ್ರು ಪರದೆ ನೋಡುತ್ತಾ, "ನಾನು ಬರೆಸಿದ್ದೇ ನನಗೆ ಓದೋಕೆ ಆಗ್ತಿಲ್ಲವಲ್ಲಪ್ಪ" ಎಂದರು. ಪುಣ್ಯಕ್ಕೆ ಅವುಗಳಲ್ಲಿ ಹನ್ನೆರಡು ಹಾಡುಗಳ ಪ್ರಿಂಟ್ ಸಿಕ್ಕಿತು. ಪ್ರಿಂಟ್ ಒಂದು ಕಡೆ, ಪರದೆ ಒಂದು ಕಡೆ ಇಟ್ಟುಕೊಂಡು ಯಾವ ಚಿಹ್ನೆ ಯಾವ ಅಕ್ಷರ ಎಂದು ಪಟ್ಟಿ ಮಾಡಿದೆ. ಎರಡು ತಿಂಗಳ ಭಾನುವಾರಗಳು ಹೋದವು. ಮುಕ್ಕಾಲು ಭಾಗ ಓದುವಂತಾಗಿದೆ. ಉಳಿದ ಕಾಲು ಭಾಗದಲ್ಲಿ ಒತ್ತಕ್ಷರಗಳು ಕಲಸಿಹೋಗಿವೆ. ಮೇಷ್ಟ್ರಿಗೆ ನೆನಪಿದ್ದಷ್ಟು ತುಂಬುತ್ತಿದ್ದಾರೆ, ಅವರಿಗೀಗ ಎಪ್ಪತ್ತೆಂಟು.

ಆ ಸಿ.ಡಿ.ಗೆ ಹೋಲಿಸಿದರೆ ನುಡಿಯ ಕಡತ ದಾಟಿಸುವುದು ಮಕ್ಕಳಾಟ. ಪರಿವರ್ತಕಗಳು ಸಿದ್ಧವಿವೆ, ದುಡ್ಡು ಕೇಳುವುದಿಲ್ಲ. ನನ್ನ ಅಧ್ಯಾಯಗಳಿಗೆ ಮೂರು ದಿನ ಹಿಡಿಯಿತು. ಅದರಲ್ಲಿ ಹೆಚ್ಚಿನ ಹೊತ್ತು ಹೋದದ್ದು ಅರ್ಕಾವತ್ತು ತಿದ್ದುವುದಕ್ಕೆ, ನಡುನಡುವೆ ಬರುವ ಇಂಗ್ಲಿಷ್ ಪದಗಳನ್ನು ಮತ್ತೆ ಟೈಪ್ ಮಾಡುವುದಕ್ಕೆ. ಆ ನೆಪದಲ್ಲಿ ನನ್ನದೇ ನಾಲ್ಕಾರು ತಪ್ಪುಗಳೂ ಸಿಕ್ಕವು.

ಆ ಮೂರು ದಿನ ಮುಗಿದ ಮೇಲೆ ಒಂದು ಸಂಗತಿ ಹೊಳೆಯಿತು. ವಿಂಡೋಸ್ 11ರ ಭಯ ಹೋಗಿತ್ತು. ನನ್ನ ಬರಹ ಯಾವ ಯಂತ್ರದಲ್ಲಾದರೂ ತೆರೆಯುತ್ತದೆ ಎಂದಾದ ಮೇಲೆ, ಕಂಪನಿ ಬಾ ಎಂದರೆ ಹೋಗಬಹುದು, ಬೇಡ ಎಂದರೆ ಬಿಡಬಹುದು. ನಾನು ಬಿಟ್ಟೆ. ಅದೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ ಹಾಕಿಕೊಂಡೆ. ಕೆ.ಪಿ. ರಾವ್ ಕೀಲಿಮಣೆ ಅಲ್ಲೂ ಇದೆ, ಬೆರಳು ಹೊಸದೇನನ್ನೂ ಕಲಿಯಬೇಕಾಗಲಿಲ್ಲ. ಲಿಬ್ರೆಆಫೀಸಿನಲ್ಲಿ ಐದನೇ ಅಧ್ಯಾಯ ಬರೆಯುತ್ತಿದ್ದೇನೆ. ಕಷ್ಟಗಳಿಲ್ಲವೇ? ಇವೆ. ನೆರೆಮನೆಯ ಪ್ರಿಂಟರ್ ಜೊತೆ ಒಂದು ಸಂಜೆ ಗುದ್ದಾಡಿದೆ. ಬೇರೆಯವರು ಕಳಿಸಿದ ಕಡತಗಳ ಪುಟವಿನ್ಯಾಸ ಆಗಾಗ ಅಲ್ಲಾಡುತ್ತದೆ. ಇದೆಲ್ಲ ಇಂಜಿನಿಯರುಗಳಿಗೆ ಮಾತ್ರ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆ ವರ್ಷಗಳಿಂದ ಸ್ವತಂತ್ರ ತಂತ್ರಾಂಶದಲ್ಲೇ ನಡೆಯುತ್ತಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಗಡಿಯಾಚೆಯ ಹೈಸ್ಕೂಲು ಮಕ್ಕಳಿಗೆ ಆಗುವುದು ಡಾಕ್ಟರೇಟ್ ಮಾಡುವ ನಮಗೆ ಆಗುವುದಿಲ್ಲವೇ?

ಎಲ್ಲರೂ ನನ್ನಂತೆ ಮಾಡಲಿ ಎಂದು ನಾನು ಹೇಳುತ್ತಿಲ್ಲ. ನಿಮ್ಮ ಯಂತ್ರ ಅರ್ಹವಾಗಿದ್ದರೆ ಹಾಕಿಕೊಳ್ಳಿ, ಭದ್ರತೆಗೆ ಅದೇ ಒಳ್ಳೆಯದು. ಅರ್ಹವಲ್ಲದಿದ್ದರೆ ನೆಟ್ಟಗಿರುವ ಯಂತ್ರವನ್ನು ಗುಜರಿಗೆ ಹಾಕಬೇಡಿ, ಐನೂರು ರೂಪಾಯಿಯ ಹಿಂಬಾಗಿಲನ್ನೂ ನಂಬಬೇಡಿ. ಆದರೆ ಎರಡಕ್ಕೂ ಮೊದಲು ನಿಮ್ಮ ಹಳೆಯ ಕಡತಗಳನ್ನು ಯೂನಿಕೋಡಿಗೆ ದಾಟಿಸಿ. ಮಾರ್ಗದರ್ಶಕರಾಗಿರುವ ಹಿರಿಯರಲ್ಲಿ ಒಂದು ಬೇಡಿಕೆ. ಮುಂದಿನ ವಿದ್ಯಾರ್ಥಿ ಅಧ್ಯಾಯ ತಂದಾಗ ಅಡಿಟಿಪ್ಪಣಿ ನೋಡುವುದಕ್ಕೆ ಮುಂಚೆ, ಇದು ಯೂನಿಕೋಡಿನಲ್ಲಿದೆಯೇ ಎಂದು ಕೇಳಿ. ನೀವು ಕೇಳಿದರೆ ಡಿಟಿಪಿಯ ಅಕ್ಕ ಕಲಿಯುತ್ತಾರೆ, ಪ್ರೆಸ್ಸಿನವರೂ ಬದಲಾಗುತ್ತಾರೆ. ಅವರು ಕಲಿಯುವ ತಿಂಗಳು ಪುಟಕ್ಕೆ ಎರಡು ರೂಪಾಯಿ ಹೆಚ್ಚು ಕೊಡಲು ನಾವು ಸಿದ್ಧರಿರಬೇಕು.

ಈ ಭಾನುವಾರ ಮೇಷ್ಟ್ರ ಮನೆಗೆ ಹೋಗುವುದಿದೆ. ಇನ್ನೂ ಮೂವತ್ತೊಂದು ಹಾಡುಗಳು ಬಾಕಿ ಇವೆ.