ಕೌದಿಯೊಳಗಿನ ಅಂಗಿ

ಸಂಜೆಯ ಹೊತ್ತು ಕಲಬುರಗಿಯ ಯಾವ ಬಯಲಿನ ಬಳಿ ನಿಂತರೂ ಅರ್ಜೆಂಟೀನಾದ ತಿಳಿನೀಲಿ ಪಟ್ಟೆಯ ಅಂಗಿ, ಬ್ರೆಜಿಲ್ಲಿನ ಹಳದಿ ಅಂಗಿ ಕಣ್ಣಿಗೆ ಬೀಳುತ್ತವೆ. ತೊಟ್ಟವರು ಬಹುಮಟ್ಟಿಗೆ ಕ್ರಿಕೆಟ್ ಆಡುವವರೆಂಬುದು ಬೇರೆ ಮಾತು. ನನಗೆ ಪರಿಚಿತನಾದ ವಿದ್ಯಾರ್ಥಿಯೊಬ್ಬನು ಇಂಥ ಅಂಗಿಗಳನ್ನು ಕೂಡಿಡುತ್ತಾನೆ. ಅವನ ಕಪಾಟನ್ನು ಮೊದಲ ಸಲ ಕಂಡಾಗ ನಾನು ನಕ್ಕಿದ್ದೆ, ಈಗ ನಗಲಾರೆ.

ಕಾಲ್ಚೆಂಡಾಟದ ಅಂಗಿಗೂ ಒಂದು ಚರಿತ್ರೆಯುಂಟು. ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಬೆನ್ನ ಮೇಲೆ ಅಂಕೆ ಕಾಣಿಸಿಕೊಂಡದ್ದು 1928ರಲ್ಲಿ. ಬ್ರೆಜಿಲ್ ತಂಡವು 1950ರಲ್ಲಿ ತನ್ನ ನೆಲದಲ್ಲೇ ಉರುಗ್ವೆಗೆ ಸೋತಾಗ ತೊಟ್ಟಿದ್ದುದು ಬಿಳಿಯ ಅಂಗಿ. ಆ ಬಣ್ಣವೇ ಅಪಶಕುನವೆನ್ನಿಸಿ, ಪತ್ರಿಕೆಯೊಂದು ಸ್ಪರ್ಧೆಯೇರ್ಪಡಿಸಿ, ಅಲ್ದೀರ್ ಷ್ಲೀ ಎಂಬ ತರುಣನು ಬರೆದ ಹಳದಿ ಅಂಗಿಯನ್ನು ಆರಿಸಿತು. ಮರಡೋನಾ 1986ರಲ್ಲಿ ಇಂಗ್ಲೆಂಡಿನೆದುರು ತೊಟ್ಟ ಅಂಗಿಯಂತೂ 2022ರ ಹರಾಜಿನಲ್ಲಿ 71 ಲಕ್ಷ ಪೌಂಡಿಗೂ ಮೀರಿ ಮಾರಾಟವಾಯಿತು. ಬಟ್ಟೆಗೆ ಆ ಬೆಲೆಯಲ್ಲ, ನೆನಪಿಗೆ.

ಹಾಗಾದರೆ ನಮ್ಮ ನೆನಪುಗಳೇನು ಬಡವಾದವೇ? 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ಪನ್ನು ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಮೈಸೂರಿನ ಪರವಾಗಿ ಆಡುತ್ತಿದ್ದ ಸಾರಂಗಪಾಣಿ ರಾಮನ್. 1956ರವರೆಗೆ ನಮ್ಮ ಕಲಬುರಗಿ ಸೇರಿದ್ದ ಹೈದರಾಬಾದ್ ಸಂಸ್ಥಾನದ ಪೋಲೀಸ್ ತಂಡವು 1950ರಿಂದ 54ರವರೆಗೆ ಐದು ವರ್ಷ ಸತತವಾಗಿ ಅದೇ ಕಪ್ಪನ್ನು ತನ್ನದಾಗಿಸಿಕೊಂಡಿತು. ಆ ತಂಡದ ಶಿಕ್ಷಕರಾದ ರಹೀಮರೇ ಮುಂದೆ 1962ರಲ್ಲಿ ಜಕಾರ್ತದಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟರು. ನಮ್ಮ ತರುಣನ ಕಪಾಟಿನಲ್ಲಿ ಇವರೊಬ್ಬರ ಸುಳಿವೂ ಇರಲಿಲ್ಲ. ತಪ್ಪು ಅವನದಲ್ಲ; ಹೇಳಬೇಕಾದ ನಾವು ಹೇಳಲಿಲ್ಲ.

ಕಳೆದ ಬೇಸಗೆಯಲ್ಲಿ ಅವನನ್ನು ಕಮಲಾಪುರದ ನೆಂಟರ ಮನೆಗೆ ಕರೆದೊಯ್ದಿದ್ದೆ. ಕೆಂಬಾಳೆಯ ಹಣ್ಣು ತಿಂದು ಕುಳಿತಿದ್ದಾಗ ಹಾಸಿದ್ದ ಕೌದಿಯ ಮೂಲೆಯಲ್ಲಿ ಒಂದು ತುಂಡು ಅವನ ಕಣ್ಣಿಗೆ ಬಿತ್ತು: ಮಾಸಿದ ಹಸುರು ಬಟ್ಟೆ, ಅದರ ಮೇಲೆ ಕೈಯಿಂದ ಹೊಲಿದ 7ರ ಅಂಕೆ. ಆ ಮನೆಯ ಯಜಮಾನರು ಹೈದರಾಬಾದಿನಲ್ಲಿ ಓದುವಾಗ ಕಾಲೇಜಿನ ತಂಡದಲ್ಲಿ ತೊಟ್ಟದ್ದಂತೆ. ಹರಿದ ಮೇಲೆ ಅಜ್ಜಿ ಅದನ್ನು ಕೌದಿಗೆ ಸೇರಿಸಿದ್ದಳು. ಹುಡುಗ ಕೇಳಿಯೇ ಬಿಟ್ಟ: ಆ ತುಂಡನ್ನು ಬಿಚ್ಚಿ ಕೊಡುವಿರಾ, ಹಣ ಕೊಡುತ್ತೇನೆ.

ಅಜ್ಜಿಗೆ ಸಿಟ್ಟು ಬರಲಿಲ್ಲ. "ಯಪ್ಪಾ, ಇದರಾಗ ನಮ್ಮವ್ವನ ಸೀರಿ ಅದ, ಮಗನ ಕುಲಾಯಿ ಅದ. ಒಂದು ಬಿಚ್ಚಿದರ ಉಳಿದದ್ದು ಹ್ಯಾಂಗ ನಿಂದರತದ?" ಎಂದಳು.

ಸಂಗ್ರಾಹಕರು ನನ್ನ ಮೇಲೆ ಮುನಿದರೂ ಸರಿ, ಈ ಮಾತಿನಲ್ಲಿ ನಾನು ಅಜ್ಜಿಯ ಪಕ್ಷ. ಗಾಜಿನ ಪೆಟ್ಟಿಗೆ ಬಟ್ಟೆಯನ್ನು ನುಸಿಯಿಂದ ಕಾಯಬಲ್ಲದು. ಅದನ್ನು ತೊಟ್ಟವನು ಯಾರು, ಎಲ್ಲಿ ಆಡಿದ, ಯಾರೆದುರು ಸೋತ ಎಂಬುದು ತಿಳಿದ ಬಾಯಿಂದಲೇ ಬರಬೇಕು. ಆ ಬಾಯಿಗಳು ವರುಷ ವರುಷಕ್ಕೆ ಕಡಿಮೆಯಾಗುತ್ತಿವೆ. ಶಾಲೆ ಕಾಲೇಜುಗಳ ಉಪಾಧ್ಯಾಯರು ತಮ್ಮ ಹಳೆಯ ಆಟಗಾರರ ಮನೆಗಳಿಗೆ ವಿದ್ಯಾರ್ಥಿಗಳನ್ನು ಒಮ್ಮೆ ಕಳುಹಿಸಲಿ. ಕತ್ತರಿ ಬೇಡ, ಲೇಖನಿ ಸಾಕು.

ಹುಡುಗನಿಗೆ ಅಂಗಿ ದೊರೆಯಲಿಲ್ಲ. ಹೊತ್ತು ಮುಳುಗುವವರೆಗೆ ಅಜ್ಜಿಯ ಬಳಿ ಕುಳಿತು, ಯಜಮಾನರ ಪಂದ್ಯಗಳ ವಿಷಯವಾಗಿ ನಾಲ್ಕು ಪುಟ ಬರೆದುಕೊಂಡು, ಕಡೆಯ ಬಸ್ಸಿಗೆ ನನ್ನೊಡನೆ ಹಿಂದಿರುಗಿದ.