ಬಾತುಕೋಳಿಯ ಕೊಡಲಿ

ಕಾರಲ್ಲಿ ಕೂತ ಬಾತುಕೋಳಿಯೊಂದು ಕೊಡಲಿ ಬೀಸಿ ಪಕ್ಕದ ಕಾರನ್ನು ಚೂರು ಮಾಡುತ್ತೆ. ಮರುಕ್ಷಣವೇ ಆ ಕಾರು ವಾಪಸ್! ‘ಸೆಲ್ ಡ್ಯಾಮೇಜ್’ ಅಂದ್ರೆ ಇಷ್ಟೇ ನೋಡಿ. 2001ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಆಟ, 2014ರಲ್ಲಿ ಎಚ್‌ಡಿ ಆಗಿ ಪ್ಲೇಸ್ಟೇಷನ್‌ಗೆ ಬಂತು. ಗೆರೆ, ಬಣ್ಣ ಚೊಕ್ಕವಾಗಿವೆ. ಹುಚ್ಚಾಟ ಹಾಗೇ ಇದೆ. ಕಥೆ-ಗಿಥೆ ಹುಡುಕಬೇಡಿ.

ಅದೇ 2001ರ ಫೆಬ್ರುವರಿ 28ಕ್ಕೆ ನಮ್ಮ ಕೆಜಿಎಫ್ ಗಣಿ ಮುಚ್ಚಿತು. ಅಪ್ಪನ ಕೆಲಸ ವಾಪಸ್ ಬರಲಿಲ್ಲ. ಅದಕ್ಕೇ ನಾನು ದಿನಾ ಕೋರಮಂಡಲ್‌ನಿಂದ ಬೆಂಗಳೂರಿಗೆ ರೈಲು ಹತ್ತೋದು. ರಾತ್ರಿ ತಮ್ಮನ ಜೊತೆ ಅರ್ಧ ಗಂಟೆ ಈ ಆಟ. ನಮ್ಮಿಬ್ಬರ ಮಾತುಕತೆಯೂ ಆಗಲೇ. ಮುಂದಿನ ತಿಂಗಳಿಂದ ಅವನಿಗೂ ಬೆಂಗಳೂರಲ್ಲಿ ಕೆಲಸ, ಪಿಜಿ ವಾಸ. ಒಂದೇ ಟಿವಿ ಮುಂದೆ ಕೂತು ಆಡೋ ಆಟ ಇದು. ಕನ್ಸೋಲ್ ನೀನೇ ತಗೊಂಡ್ಹೋಗು ಅಂದೆ.

“ಇಲ್ಲೇ ಇರ್ಲಿ ಬಿಡಣ್ಣ, ಶನಿವಾರ ಬರ್ತೀನಲ್ಲ” ಅಂದ.